'ವಯಸ್ಸಾಯ್ತು' ಅನ್ನುವ ಮೊದಲು ಕೀಲುಗಳನ್ನು ಗಮನಿಸಿ

ನಾಯಿ ಮೊದಲಿನಂತೆ ಗೇಟಿನವರೆಗೆ ಓಡಿಬರುವುದಿಲ್ಲ. ಬೆಕ್ಕು ದಿನವಿಡೀ ಮಂಚದ ಕೆಳಗೇ ಬಿದ್ದುಕೊಂಡಿರುತ್ತದೆ. ಏಕೆಂದು ಕೇಳಿದರೆ ಮನೆಮಂದಿಯ ಉತ್ತರ ಒಂದೇ: 'ಪಾಪ, ವಯಸ್ಸಾಯ್ತಲ್ಲ.' ಕನಿಕರದಿಂದ ಆಡುವ ಈ ಮಾತೇ ಆ ಪ್ರಾಣಿಗೆ ಸಿಗಬೇಕಾದ ಚಿಕಿತ್ಸೆಯನ್ನು ತಪ್ಪಿಸುತ್ತದೆ. ವಯಸ್ಸು ಕಾಯಿಲೆಯಲ್ಲ. ಅದರ ಹೆಸರಿನಲ್ಲಿ ನಾವು ಎಷ್ಟೋ ಸಲ ಕಡೆಗಣಿಸುತ್ತಿರುವುದು ಸಂಧಿವಾತದ ನೋವನ್ನು.

ಕೀಲಿನಲ್ಲಿ ಮೂಳೆಯ ತುದಿಗಳನ್ನು ಹೊದ್ದಿರುವ ಮೃದ್ವಸ್ಥಿ ಸವೆಯುತ್ತದೆ, ಒಳಪೊರೆ ಉರಿಯೂತದಿಂದ ಬಾಯುತ್ತದೆ, ಮೂಳೆಯ ಅಂಚಿನಲ್ಲಿ ಹೊಸ ಗಂಟುಗಳು ಏಳುತ್ತವೆ. ಸವೆದದ್ದು ಮತ್ತೆ ಮೊದಲಿನಂತಾಗುವುದಿಲ್ಲ. ಆದರೆ ನೋವನ್ನು ತಗ್ಗಿಸಬಹುದು, ಸವೆತವನ್ನು ನಿಧಾನಗೊಳಿಸಬಹುದು. ಬೇಗ ಗುರುತಿಸಿದಷ್ಟೂ ಅದು ಸುಲಭ.

ಇದು ಮುದಿನಾಯಿಗಳಿಗಷ್ಟೇ ಬರುವುದೂ ಅಲ್ಲ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್, ರಾಟ್‌ವೀಲರ್ ತಳಿಗಳಲ್ಲಿ ಸೊಂಟದ ಕೀಲು ಸರಿಯಾಗಿ ಕೂಡಿಕೊಳ್ಳದ ಹಿಪ್ ಡಿಸ್‌ಪ್ಲೇಸಿಯಾ ಎಂಬ ದೋಷ ವಂಶದಿಂದ ಬರುತ್ತದೆ. ಮರಿ ಓಡುವಾಗ ಹಿಂಗಾಲುಗಳೆರಡನ್ನೂ ಜೋಡಿಸಿ ಮೊಲದಂತೆ ಕುಪ್ಪಳಿಸಿದರೆ ನೋಡಿ ನಗಬೇಡಿ, ವೈದ್ಯರಿಗೆ ತೋರಿಸಿ. ದೊಡ್ಡ ನಾಯಿಗಳಲ್ಲಿ ಕುಂಟು ಕಾಣಿಸುವುದಕ್ಕೂ ಮೊದಲು ಬರುವ ಸೂಚನೆಗಳಿವೆ. ಮಲಗಿ ಎದ್ದಾಗ ಬಿಗಿದುಕೊಂಡ ಕಾಲು ನಾಲ್ಕು ಹೆಜ್ಜೆ ನಡೆದ ಮೇಲೆ ಸಡಿಲವಾಗುತ್ತದೆ. ಮೆಟ್ಟಿಲ ಬುಡದಲ್ಲಿ ನಾಯಿ ಅನುಮಾನಿಸಿ ನಿಲ್ಲುತ್ತದೆ. ಒಂದೇ ಕೀಲನ್ನು ಪದೇ ಪದೇ ನೆಕ್ಕುತ್ತದೆ. ತೊಡೆಯ ಸ್ನಾಯು ಕರಗುತ್ತದೆ. ಸಾಧುವಾಗಿದ್ದ ನಾಯಿ ಸೊಂಟ ಮುಟ್ಟಿದರೆ ಗುರ್ರೆನ್ನುತ್ತದೆ. ಇವುಗಳಲ್ಲಿ ಒಂದು ಕಂಡರೂ ಸಾಕು, ಪಶುವೈದ್ಯರ ಬಳಿ ಹೋಗಲು ಅದೇ ಕಾರಣ.

ಬೆಕ್ಕಿನ ನೋವು ಇನ್ನೂ ಗುಟ್ಟಾದದ್ದು. ಅಮೆರಿಕದಲ್ಲಿ 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 90 ಬೆಕ್ಕುಗಳಲ್ಲಿ ಕೀಲು ಸವೆತದ ಗುರುತುಗಳಿದ್ದವು. ಆದರೂ ಬೆಕ್ಕು ಕುಂಟುವುದು ಅಪರೂಪ. ಎರಡೂ ಬದಿಯ ಕೀಲುಗಳು ಒಟ್ಟಿಗೆ ನೋಯುವುದರಿಂದ ಯಾವ ಕಾಲನ್ನೂ ಎತ್ತಿ ಹಿಡಿಯುವಂತಿಲ್ಲ. ಹೀಗಾಗಿ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ತಜ್ಞರು ಮನೆಯವರಿಗೆ ಆರು ಪ್ರಶ್ನೆಗಳನ್ನು ಕೊಟ್ಟಿದ್ದಾರೆ. ಬೆಕ್ಕು ಮೇಲಕ್ಕೆ ಹಾರುವುದು, ಕೆಳಕ್ಕೆ ಧುಮುಕುವುದು, ಮೆಟ್ಟಿಲು ಹತ್ತುವುದು, ಇಳಿಯುವುದು, ಓಡುವುದು, ಚಲಿಸುವ ವಸ್ತುವನ್ನು ಅಟ್ಟಿಸಿಕೊಂಡು ಹೋಗುವುದು, ಇವೆಲ್ಲ ಸರಾಗವಾಗಿವೆಯೇ? ಇವುಗಳ ಜೊತೆಗೆ ಇನ್ನೂ ಕೆಲವನ್ನು ಗಮನಿಸಿ: ಒಂದೇ ನೆಗೆತಕ್ಕೆ ಕಪಾಟು ಏರುತ್ತಿದ್ದುದು ಈಗ ಕುರ್ಚಿಯ ಮೂಲಕ ಹೋಗುತ್ತಿದೆಯೇ? ಬೆನ್ನಿನ ಕೆಳಭಾಗದ ಕೂದಲು ಗಂಟು ಕಟ್ಟಿದೆಯೇ? ಉಗುರುಗಳು ಉದ್ದವಾಗಿವೆಯೇ? ಲಿಟರ್ ಟ್ರೇ ಬಿಟ್ಟು ಅದರ ಪಕ್ಕದಲ್ಲೇ ಮೂತ್ರ ಮಾಡುತ್ತಿದೆಯೇ? ಬೈಯುವ ಮೊದಲು ಟ್ರೇಯ ಅಂಚು ಎಷ್ಟು ಎತ್ತರವಿದೆ ನೋಡಿ.

ಆಸ್ಪತ್ರೆಯಲ್ಲಿ ಹೆದರಿದ ಪ್ರಾಣಿ ನೋವನ್ನು ತೋರಗೊಡುವುದಿಲ್ಲ. ಅದು ಮನೆಯಲ್ಲಿ ಏಳುವುದನ್ನೂ ನಡೆಯುವುದನ್ನೂ ಹಾರುವುದನ್ನೂ ಮೊಬೈಲ್‌ನಲ್ಲಿ ಚಿತ್ರೀಕರಿಸಿ ವೈದ್ಯರಿಗೆ ತೋರಿಸಿ.

ಒಂದು ಕೆಲಸವನ್ನು ಮಾತ್ರ ಎಂದಿಗೂ ಮಾಡಬೇಡಿ. ಮನೆಯ ಔಷಧಿ ಡಬ್ಬಿಯಿಂದ ಮಾತ್ರೆ ತೆಗೆದು ಕೊಡಬೇಡಿ. ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ, ಒಂದು ಮಾತ್ರೆಯೇ ಅದರ ಜೀವ ತೆಗೆಯಬಲ್ಲದು. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತವೆ. ಪ್ರಾಣಿಗಳಿಗೆಂದೇ ಇರುವ ನೋವುನಿವಾರಕಗಳನ್ನೂ ವೈದ್ಯರು ಹೇಳಿದ ಪ್ರಮಾಣದಲ್ಲೇ ಕೊಡಬೇಕು. ಮುದಿ ಬೆಕ್ಕುಗಳಲ್ಲಿ ಮೂತ್ರಪಿಂಡದ ತೊಂದರೆ ಸಾಮಾನ್ಯವಾದ್ದರಿಂದ ಮೊದಲು ರಕ್ತಪರೀಕ್ಷೆಯೂ ಬೇಕು.

ಔಷಧಿಯಷ್ಟೇ ಮುಖ್ಯವಾದದ್ದು ತೂಕ. 48 ಲ್ಯಾಬ್ರಡಾರ್‌ಗಳನ್ನು ಜೀವಮಾನವಿಡೀ ಗಮನಿಸಿದ ಪ್ರಸಿದ್ಧ ಅಧ್ಯಯನದಲ್ಲಿ ತಮ್ಮೊಂದಿಗೆ ಜೋಡಿ ಮಾಡಿದ ನಾಯಿಗಳಿಗಿಂತ ಶೇ 25ರಷ್ಟು ಕಡಿಮೆ ಆಹಾರ ತಿಂದ ನಾಯಿಗಳು ಸುಮಾರು 2 ವರ್ಷ ಹೆಚ್ಚು ಬದುಕಿದವು, ಅವುಗಳಿಗೆ ಸಂಧಿವಾತದ ಚಿಕಿತ್ಸೆಯೂ ತಡವಾಗಿ ಬೇಕಾಯಿತು. ನಾವು ತಿನ್ನುವಾಗೆಲ್ಲ ಒಂದೊಂದು ಬಿಸ್ಕತ್ತು ಹಾಕುವ ಪ್ರೀತಿ ಆ ಕೀಲುಗಳ ಮೇಲಿನ ಹೊರೆ. ಮನೆಯೊಳಗಿನ ನುಣುಪಾದ ಟೈಲ್ಸ್ ಮತ್ತು ಗ್ರಾನೈಟ್ ಮೇಲೆ ಕಾಲು ಜಾರದಂತೆ ನಾಯಿ ಓಡಾಡುವ ಕಡೆ ಚಾಪೆ ಹಾಸಿ. ಬೆಕ್ಕಿಗೆ ಅಂಚು ತಗ್ಗಾದ ಟ್ರೇ, ಕಿಟಕಿಗೆ ಏರಲು ನಡುವೆ ಒಂದು ಸ್ಟೂಲು ಇಡಿ. ವಾರವೆಲ್ಲ ಕಟ್ಟಿಹಾಕಿ ಭಾನುವಾರ ಮೈಲಿಗಟ್ಟಲೆ ಓಡಿಸುವ ಬದಲು ದಿನವೂ ಸ್ವಲ್ಪ ನಡೆಸಿ.

ಸಾಕುಪ್ರಾಣಿಯಿರುವ ಎಷ್ಟೋ ಮನೆಗಳವರು ರೇಬೀಸ್ ಲಸಿಕೆಗೆಂದು ವರ್ಷಕ್ಕೊಮ್ಮೆ ಆಸ್ಪತ್ರೆಗೆ ಹೋಗುತ್ತಾರೆ. ಅದೇ ದಿನ ಕೀಲುಗಳನ್ನೂ ಮುಟ್ಟಿ ನೋಡುವಂತೆ, ತೂಕ ಬರೆದಿಡುವಂತೆ ಕೇಳಿ. ಕೇಳದಿದ್ದರೂ ವೈದ್ಯರು ಅದನ್ನು ಮಾಡಲಿ. ಮರಿ ಮಾರುವವರು ತಂದೆತಾಯಿ ನಾಯಿಗಳ ಸೊಂಟದ ಎಕ್ಸ್‌ರೇ ತೋರಿಸಲಿ, ಕೊಳ್ಳುವವರು ಅದಿಲ್ಲದೆ ಹಣ ಕೊಡದಿರಲಿ. ಬಾಯಿಲ್ಲದ ಪ್ರಾಣಿ ತಾನಾಗಿ ಚಿಕಿತ್ಸೆ ಕೇಳಲಾರದು. ಗಮನಿಸಿ ಕೇಳಬೇಕಾದವರು ಅದನ್ನು ಸಾಕಿಕೊಂಡಿರುವ ನಾವು.