ಊಟ ಬಿಡುವುದು ಬರೀ ಹಠವೇ?

ದ್ವಿತೀಯ ಪಿಯುಸಿಯಲ್ಲಿ ಮೆಂಡಲ್‌ನ ಬಟಾಣಿ ಗಿಡಗಳ ಪಾಠ ಓದುವಾಗ ಲೆಕ್ಕ ಸರಳ: ಗಿಡ ಎತ್ತರ, ಇಲ್ಲವೇ ಗಿಡ್ಡ. ಮನುಷ್ಯರ ಕಾಯಿಲೆಗಳಲ್ಲಿ ಹಾಗಿಲ್ಲ. ಅನೊರೆಕ್ಸಿಯಾ ನರ್ವೋಸಾವನ್ನೇ ನೋಡಿ. ದೇಹ ಬಡಕಲಾಗಿದ್ದರೂ ದಪ್ಪಗಾಗುವ ಭಯದಿಂದ ಊಟ ಕಡಿಮೆ ಮಾಡುತ್ತಲೇ ಹೋಗುವ ಈ ಕಾಯಿಲೆ ಜೀವವನ್ನೂ ತೆಗೆಯಬಲ್ಲದು. ನಮ್ಮಲ್ಲಿ ಇದಕ್ಕಿರುವ ಹೆಸರು ಮಾತ್ರ ‘ಹಠ’, ‘ಫ್ಯಾಶನ್’. ಅದೂ ಸಾಲದಿದ್ದರೆ ತಾಯಿಯನ್ನು ಬೈಯುವುದು ಇದ್ದೇ ಇದೆ.

2019ರಲ್ಲಿ ‘ನೇಚರ್ ಜೆನೆಟಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯೊಂದು ಇದನ್ನು ಬೇರೆಯಾಗಿ ನೋಡಿತು. ಸಿಂಥಿಯಾ ಬ್ಯುಲಿಕ್ ಮತ್ತು ಹಲವು ದೇಶಗಳ ಸಂಶೋಧಕರು ಈ ಕಾಯಿಲೆಯಿದ್ದ 16,992 ಮಂದಿಯ ಡಿಎನ್‌ಎಯನ್ನು, ಇಲ್ಲದ 55,525 ಮಂದಿಯ ಡಿಎನ್‌ಎ ಜೊತೆ ಹೋಲಿಸಿದರು. ಕಾಯಿಲೆಗೆ ನಂಟಿರುವ 8 ಸ್ಥಾನಗಳು ಸಿಕ್ಕಿದವು. ನನಗೆ ಹೆಚ್ಚು ಮುಖ್ಯವೆನಿಸಿದ್ದು ಇನ್ನೊಂದು ಸಂಗತಿ. ಇದರ ಆನುವಂಶಿಕ ಬೇರುಗಳು ಆತಂಕ, ಖಿನ್ನತೆ, ಗೀಳು ರೋಗಗಳ ಬೇರುಗಳ ಜೊತೆಗೆ ಚಯಾಪಚಯದ ಬೇರುಗಳೊಂದಿಗೂ ಹೆಣೆದುಕೊಂಡಿವೆ. ಅಂದಮೇಲೆ ‘ಮನಸ್ಸು ಗಟ್ಟಿ ಮಾಡಿ ತಿನ್ನು’ ಎಂಬ ಬುದ್ಧಿವಾದ ಎಷ್ಟು ದೂರ ಹೋದೀತು?

ಹಾಗೆಂದು ರಕ್ತ ಪರೀಕ್ಷೆಯಲ್ಲಿ ಇದು ಗೊತ್ತಾಗುವುದಿಲ್ಲ. ಆ 8 ಸ್ಥಾನಗಳು ಹೇಳುವುದು ಬಹಳ ಸ್ವಲ್ಪ. ಅಧ್ಯಯನಕ್ಕೆ ಒಳಪಟ್ಟವರೆಲ್ಲ ಯುರೋಪಿಯನ್ ಮೂಲದವರು. ನಮ್ಮ ಜನರ ಡಿಎನ್‌ಎ ಆ ಲೆಕ್ಕದಲ್ಲಿಲ್ಲ, ಅದು ಸೇರಲೇಬೇಕು. ನನಗೊಂದು ಅಳುಕೂ ಇದೆ. ಇಂದು ‘ಹಠ’ ಎನ್ನುವವರು ನಾಳೆ ಸಂಬಂಧ ನೋಡುವಾಗ ‘ಆ ಮನೆತನದಲ್ಲೇ ಇದೆಯಂತೆ’ ಎಂದು ಪಿಸುಗುಟ್ಟಬಹುದು. ಜೀನ್ ಹಣೆಬರಹವಲ್ಲ. ಒಲವು ಹುಟ್ಟಿನಿಂದ ಬಂದಿದ್ದರೂ ಡಯಟ್, ಗೆಳೆಯರ ಗೇಲಿ, ಒತ್ತಡ ಎಲ್ಲವೂ ಅದರೊಂದಿಗೆ ಸೇರುತ್ತವೆ. ಚಿಕಿತ್ಸೆಯಿಂದ ಗುಣವಾದವರೂ ಇದ್ದಾರೆ.

ರಮಝಾನ್ ತಿಂಗಳಲ್ಲಿ ಈ ಕಾಯಿಲೆ ಸುಲಭವಾಗಿ ಮರೆಯಾಗುತ್ತದೆ. ಹಗಲಿಡೀ ಉಣ್ಣದವಳನ್ನು ಯಾರು ಪ್ರಶ್ನಿಸುತ್ತಾರೆ? ರೋಗಿಗಳಿಗೆ ಉಪವಾಸದಿಂದ ವಿನಾಯಿತಿ ಇರುವುದು ಸೂರಃ ಅಲ್ ಬಕರಃದಲ್ಲೇ ಇದೆ. ಸಕ್ಕರೆ ಕಾಯಿಲೆಯ ಚಾಚಾ ವೈದ್ಯರ ಮಾತು ಕೇಳಿ ಉಪವಾಸ ಬಿಟ್ಟರೆ ಮನೆಯಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಈ ಹುಡುಗಿಗೂ ಅಷ್ಟೇ ಹಕ್ಕಿದೆ. ಇಫ್ತಾರ್‌ನಲ್ಲೂ ಒಂದು ಖರ್ಜೂರ ಮುರಿದು ತಟ್ಟೆ ದೂಡುವ ಗೆಳತಿ ಕಂಡರೆ ಎಲ್ಲರೆದುರು ‘ತಿನ್ನೇ’ ಎಂದು ಒತ್ತಾಯಿಸಬೇಡಿ. ನಂಬಿಕೆಯ ಮೇಡಂ ಒಬ್ಬರಿಗೆ ತಿಳಿಸಿ. ಅವರು ಅವಳನ್ನು ಬೇರೆಯಾಗಿ ಕೂರಿಸಿಕೊಂಡು ಮಾತಾಡಲಿ, ಮನೆಯವರ ಜೊತೆ ವೈದ್ಯರ ಬಳಿಗೆ ಕಳಿಸಲಿ.