ಗುಡ್ಡ ಕುಸಿಯುವ ಮೊದಲೇ ಅದರ ಒಳಗನ್ನು ಪರೀಕ್ಷಿಸಿ
ಹಿಲ್ಲೂರು ಹಾಗೂ ಗಂಗಾವಳಿ ಕಣಿವೆಯ ಗ್ರಾಮಸ್ಥರ ಹಕ್ಕೊತ್ತಾಯ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಉತ್ತರ ಕನ್ನಡ ಜಿಲ್ಲೆ, ಕಾರವಾರ.

ಪ್ರತಿಗಳು: ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಬೆಂಗಳೂರು, ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ, ಹೈದರಾಬಾದ್.

ವಿಷಯ: ನೆಲದ ಸಹಜ ಕಂಪನವನ್ನು ಬಳಸಿ ಅಂಕೋಲಾ ತಾಲೂಕಿನ ಗುಡ್ಡಗಳು ಹಾಗೂ ಭೂತೊಗಟೆಯ ರಚನೆಯನ್ನು ಅಧ್ಯಯನ ಮಾಡುವ ಕುರಿತು.

ಮಾನ್ಯರೇ,

2024ರ ಜುಲೈ 16ರಂದು ನಮ್ಮದೇ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಮಣ್ಣು ಗಂಗಾವಳಿ ಹೊಳೆಗೆ ನುಗ್ಗಿತು. ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಆಮೇಲೆ ರಾಡಾರ್ ಬಂತು, ಡ್ರೋನ್ ಬಂತು, ಮುಳುಗುತಜ್ಞರು ಬಂದರು, ಡ್ರೆಜರ್ ಬಂತು. ಹೊಳೆಯಲ್ಲಿ ಹೂತಿದ್ದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ಅದಕ್ಕೂ ಮೊದಲು, 2009ರ ಅಕ್ಟೋಬರಿನಲ್ಲಿ ಕಾರವಾರದ ಕಡವಾಡದ ಝರಿವಾಡದಲ್ಲಿ, 2021ರ ಜುಲೈಯಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದಿತ್ತು. ಉಪಕರಣಗಳು ಹೆಣ ಹುಡುಕಲು ಬರುವ ಬದಲು ಗುಡ್ಡ ಪರೀಕ್ಷಿಸಲು ಬರಲಿ ಎಂಬುದೇ ನಮ್ಮ ಮೂಲ ಬೇಡಿಕೆ.

ಇದಕ್ಕೆ ದಾರಿಯಿದೆ. ನೆಲ ಎಂದೂ ಸುಮ್ಮನಿರುವುದಿಲ್ಲ. ಅರಬ್ಬಿ ಸಮುದ್ರದ ಅಲೆ, ಹೆದ್ದಾರಿಯ ಲಾರಿ, ಕೊಂಕಣ ರೈಲು, ಹೊಳೆಯ ಹರಿವು ಎಲ್ಲವೂ ಅದನ್ನು ನಮ್ಮ ಅರಿವಿಗೆ ಬಾರದಷ್ಟು ಸಣ್ಣದಾಗಿ ಅಲುಗಿಸುತ್ತಿರುತ್ತವೆ. ಎರಡು ಕಡೆ ಕಂಪನಮಾಪಕ ಇಟ್ಟು, ದಿನಗಟ್ಟಲೆ ಸಿಕ್ಕ ದಾಖಲೆಗಳನ್ನು ಒಂದಕ್ಕೊಂದು ತಾಳೆ ನೋಡಿದರೆ, ಅವುಗಳ ನಡುವೆ ಕಂಪನ ಸಾಗಲು ಎಷ್ಟು ಹೊತ್ತು ಬೇಕೆಂದು ಗೊತ್ತಾಗುತ್ತದೆ. ಗಟ್ಟಿ ಬಂಡೆಯಲ್ಲಿ ವೇಗ ಹೆಚ್ಚು, ನೀರು ಕುಡಿದು ಸಡಿಲಗೊಂಡ ಮಣ್ಣಿನಲ್ಲಿ ಕಡಿಮೆ. ಜಪಾನಿನ ಕೀಟಿ ಅಕಿ 1957ರಲ್ಲೇ ಈ ವಿದ್ಯೆಗೆ ತಳಹದಿ ಹಾಕಿದರು. 2005ರಲ್ಲಿ ಕ್ಯಾಲಿಫೋರ್ನಿಯಾದ ಭೂತೊಗಟೆಯ ಚಿತ್ರ ಇಂಥ ಕಂಪನದಿಂದಲೇ ಮೂಡಿತು. ಸ್ವಿಟ್ಜರ್‌ಲೆಂಡಿನ ಪಾಂ ಬೂರ್ಕಾಂ ಇಳಿಜಾರು 2010ರ ಆಗಸ್ಟಿನಲ್ಲಿ ಜಾರುವ ಕೆಲವು ದಿನ ಮೊದಲೇ ಅದರೊಳಗಿನ ಕಂಪನದ ವೇಗ ಶೇ. 7ರಷ್ಟು ಇಳಿದಿತ್ತು.

ಆದ್ದರಿಂದ ನಮ್ಮ ಹಕ್ಕೊತ್ತಾಯಗಳು:

1. ಹಿಲ್ಲೂರಿನಿಂದ ಶಿರೂರಿನವರೆಗೆ, ಬುಡದಲ್ಲಿ ಮನೆ, ಶಾಲೆ, ರಸ್ತೆ ಇರುವ ಪ್ರತಿ ಗುಡ್ಡದ ಪ್ರಾಥಮಿಕ ಸಮೀಕ್ಷೆ ಮಳೆಗಾಲಕ್ಕೆ ಮೊದಲೇ ಮುಗಿಯಬೇಕು. ಮೊಣಕೈ ಆಳದ ಗುಂಡಿ ತೋಡಿ, ಮಾಪಕವನ್ನು ಮಟ್ಟಸವಾಗಿ ಕೂರಿಸಿ, ಉತ್ತರಕ್ಕೆ ಮುಖಮಾಡಿಸಿ, ಅರ್ಧ ಗಂಟೆ ದಾಖಲಿಸಿದರೆ ಮಣ್ಣು ಎಷ್ಟು ದಪ್ಪವಿದೆ, ಬಂಡೆ ಎಷ್ಟು ಕೆಳಗಿದೆ ಎಂಬ ಅಂದಾಜು ಸಿಗುತ್ತದೆ.

2. ಬಿರುಕು ಬಿಟ್ಟ ಗುಡ್ಡಗಳಲ್ಲಿ, ಧರೆಯ ಬುಡದಿಂದ ರಾಡಿ ನೀರು ಒಸರುವ ಕಡೆಗಳಲ್ಲಿ ಕನಿಷ್ಠ ಎರಡು ಮಳೆಗಾಲ ಮಾಪಕಗಳು ಹಗಲಿರುಳು ಕೆಲಸ ಮಾಡಬೇಕು. ಬೇಸಿಗೆಯಲ್ಲಿ ಕಂಪನದ ವೇಗ ಎಷ್ಟೆಂದು ಗೊತ್ತಿದ್ದರೆ ಮಾತ್ರ ಆಷಾಢದ ಇಳಿತ ಎಷ್ಟು ಅಪಾಯದ್ದೆಂದು ಹೇಳಬಹುದು.

3. ಮಾಪಕಗಳ ಪಕ್ಕದಲ್ಲೇ ಮಳೆಮಾಪಕ ಮತ್ತು ಅಂತರ್ಜಲ ಅಳೆಯುವ ವ್ಯವಸ್ಥೆ ಇರಬೇಕು. ಲಾರಿ ಓಡಾಟ ಹೆಚ್ಚಿದರೂ ಹೊಳೆ ತುಂಬಿದರೂ ಕಂಪನ ಬದಲಾಗುತ್ತದೆ. ಅದನ್ನು ಗುಡ್ಡದ ಬದಲಾವಣೆಯಿಂದ ಬೇರ್ಪಡಿಸದೆ ಎಚ್ಚರಿಕೆ ಕೊಟ್ಟರೆ ಜನ ನಂಬುವುದಿಲ್ಲ.

4. ಅಂಕೋಲಾ ಕಡಲತೀರದಿಂದ ಘಟ್ಟದ ಮೇಲಿನವರೆಗೆ ಸಾಲಾಗಿ ಮಾಪಕಗಳನ್ನಿಟ್ಟು ಭೂತೊಗಟೆಯ ಆಳದ ನಕ್ಷೆಯನ್ನೂ ತಯಾರಿಸಬೇಕು. ಲಾರಿ, ರೈಲುಗಳ ಕಂಪನ ಮೇಲ್ಪದರವನ್ನಷ್ಟೇ ತೋರಿಸುತ್ತದೆ. ಕಡಲಲೆಯ ನಿಧಾನ ಕಂಪನ ಹತ್ತಾರು ಕಿಲೋಮೀಟರ್ ಆಳದ ಸುದ್ದಿ ತರುತ್ತದೆ. ಪಕ್ಕದ ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ. ದಂಡೆಯಲ್ಲೇ ಕೈಗಾ ಅಣು ವಿದ್ಯುತ್ ಸ್ಥಾವರವಿದೆ. 1967ರ ಡಿಸೆಂಬರಿನಲ್ಲಿ ಜಲಾಶಯದ ಬಳಿಯೇ ಆದ ಕೊಯ್ನಾ ಭೂಕಂಪದ ಬಳಿಕ ಜಲಾಶಯಗಳ ಅಡಿಯ ನೆಲವನ್ನು ತಿಳಿಯದೆ ಇರಲಾಗದು. ಗೌರಿಬಿದನೂರಿನಲ್ಲಿ 1965ರಿಂದ ಕಂಪನಮಾಪಕಗಳ ಸಾಲನ್ನು ನಡೆಸುತ್ತಿರುವ ನಾಡಿಗೆ ಇದು ಹೊಸ ಕೆಲಸವಲ್ಲ.

5. ಅಧ್ಯಯನದ ಹೆಸರಿನಲ್ಲಿ ಗುಡ್ಡಗಳಲ್ಲಿ ಸ್ಫೋಟಕ ಬಳಸಬಾರದು. ಈ ವಿಧಾನಕ್ಕೆ ಅದು ಬೇಕಾಗಿಯೂ ಇಲ್ಲ. ತೋಟ, ಗದ್ದೆ, ಬೆಟ್ಟದಲ್ಲಿ ಮಾಪಕ ಇಡುವ ಮೊದಲು ಮಾಲೀಕರ ಒಪ್ಪಿಗೆ ಪಡೆಯಬೇಕು.

6. ಹೆದ್ದಾರಿ ಅಗಲೀಕರಣವಾಗಲಿ, ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗವಾಗಲಿ, ಕಲ್ಲು ಕ್ವಾರಿಯಾಗಲಿ, ಗುಡ್ಡ ಕಡಿಯಲು ಅನುಮತಿ ಕೊಡುವ ಮೊದಲು ಈ ಸಮೀಕ್ಷೆಯ ವರದಿ ಕಡ್ಡಾಯವಾಗಬೇಕು.

7. ವರದಿಗಳೆಲ್ಲ ಕನ್ನಡದಲ್ಲಿ, ನಕ್ಷೆ ಸಮೇತ ಗ್ರಾಮ ಪಂಚಾಯತಿಯ ಗೋಡೆಯ ಮೇಲಿರಬೇಕು. ಮೂಲ ದತ್ತಾಂಶ ಸಂಶೋಧಕರಿಗೆಲ್ಲ ಮುಕ್ತವಾಗಿರಬೇಕು.

8. ಮಾಪಕಗಳ ಕಾವಲು, ಬ್ಯಾಟರಿ ಬದಲಾವಣೆ, ದಾಖಲೆ ಸಂಗ್ರಹಕ್ಕೆ ಊರಿನ ಯುವಕ ಯುವತಿಯರನ್ನು ತರಬೇತಿ ನೀಡಿ, ಸಂಬಳ ಕೊಟ್ಟು ನೇಮಿಸಬೇಕು.

9. ಎಚ್ಚರಿಕೆ ಯಾರಿಂದ ಯಾರಿಗೆ ಬರಬೇಕು, ರಾತ್ರಿ ಹೊತ್ತಿನಲ್ಲಿ ಜನ ಎಲ್ಲಿಗೆ ಹೋಗಬೇಕು, ದನಕರುಗಳನ್ನು ಎಲ್ಲಿ ಕಟ್ಟಬೇಕು ಎಂಬುದು ಮೊದಲೇ ನಿಗದಿಯಾಗಬೇಕು. ಸಮೀಕ್ಷೆಯನ್ನೇ ನೆಪವಾಗಿಸಿ, ಪುನರ್ವಸತಿ ಕಲ್ಪಿಸದೆ ಯಾವ ಕುಟುಂಬವನ್ನೂ ಒಕ್ಕಲೆಬ್ಬಿಸಬಾರದು.

ಯಾವ ಯಂತ್ರವೂ ಕುಸಿತದ ಗಳಿಗೆಯನ್ನು ಕರಾರುವಾಕ್ಕಾಗಿ ಹೇಳಲಾರದು ಎಂಬುದು ನಮಗೂ ಗೊತ್ತು. ಆದರೆ ಯಾವ ಗುಡ್ಡ ಗಟ್ಟಿ, ಯಾವುದು ಟೊಳ್ಳು ಎಂದು ತಿಳಿದುಕೊಳ್ಳುವುದು ಇವತ್ತು ಸಾಧ್ಯ. ಸಾಧ್ಯವಿದ್ದೂ ಮಾಡದಿದ್ದರೆ ಮುಂದಿನ ಸಾವುಗಳಿಗೆ ಮಳೆಯನ್ನು ಹೊಣೆ ಮಾಡಲಾಗದು. ಈ ಬೇಡಿಕೆಗಳಿಗೆ 30 ದಿನಗಳೊಳಗೆ ಲಿಖಿತ ಉತ್ತರ ಕೊಟ್ಟು, ಮುಂಗಾರಿಗೆ ಮೊದಲೇ ಕೆಲಸ ಆರಂಭಿಸಬೇಕೆಂದು ಆಗ್ರಹಿಸುತ್ತೇವೆ.

ಇಂತಿ,
ಹಿಲ್ಲೂರು ಹಾಗೂ ಗಂಗಾವಳಿ ಕಣಿವೆಯ ಗ್ರಾಮಸ್ಥರು