ನಾಲ್ಕೂವರೆ ಹುಡುಗರ ಟೆನಿಸ್

ಪೇಟೆಯಲ್ಲಿ ಹೊಸದೊಂದು ಲೆಕ್ಕಾಚಾರ ಶುರುವಾಗಿದೆ. ಮಗನ ಕೈಗೆ ರ‍್ಯಾಕೆಟ್ಟು ಕೊಡಿಸು, ಕೋಚಿಂಗಿಗೆ ಹಾಕು, ಅಮೆರಿಕಾದ ಕಾಲೇಜು ಕರೆದು ಪುಕ್ಕಟೆ ಓದಿಸುತ್ತೆ! ಗಲ್ಲಾದ ಮೇಲೆ ಕೂತ ಯಜಮಾನರೊಬ್ಬರು ಮೊನ್ನೆ ನನಗೇ ಇದನ್ನು ವಿವರಿಸಿದರು. ಪಿ.ಯು.ಸಿ. ಅರ್ಧಕ್ಕೇ ಬಿಟ್ಟವನು ನಾನು, ಓದಿನ ಮಾತು ಬಂದರೆ ತಲೆ ಆಡಿಸಿ ಸುಮ್ಮನಾಗುತ್ತೇನೆ. ದುಡ್ಡಿನ ಲೆಕ್ಕವಾದರೆ ಬಿಡೋದಿಲ್ಲ.

ಅವರ ಮಾತು ಪೂರಾ ಸುಳ್ಳಲ್ಲ. ಬೆಂಗಳೂರಿನವರಿಗೆ ಚೆನ್ನಾಗಿ ಗೊತ್ತಿರುವ ಮಹೇಶ್ ಭೂಪತಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದಲ್ಲಿದ್ದಾಗ, 1995ರಲ್ಲಿ, ಲೆಬನಾನಿನ ಅಲಿ ಹಮಾದೆ ಜೊತೆ ಅಲ್ಲಿನ ಅಂತರ ಕಾಲೇಜು ಡಬಲ್ಸ್ ಗೆದ್ದರು. ವರ್ಜೀನಿಯಾದಲ್ಲಿ ಓದಿದ ಸೋಮದೇವ್ ದೇವವರ್ಮನ್ 2007 ಮತ್ತು 2008ರಲ್ಲಿ ಸಿಂಗಲ್ಸ್ ಗೆದ್ದರು. ಗೆದ್ದವರ ಹೆಸರು ಪೇಪರಿನಲ್ಲಿ ಬರುತ್ತೆ. ಉಳಿದವರಿಗೆ ಎಷ್ಟು ಸಿಕ್ಕಿತು ಅನ್ನೋದು ಬರಲ್ಲ.

1883ರಲ್ಲಿ ಅಲ್ಲಿ ಮೊದಲ ಅಂತರ ಕಾಲೇಜು ಪಂದ್ಯಾವಳಿ ನಡೆದಾಗ ಗೆದ್ದವನು ಹಾರ್ವರ್ಡಿನ ಜೋಸೆಫ್ ಕ್ಲಾರ್ಕ್. ಟೆನಿಸ್ ಆಗ ಉಳ್ಳವರ ಆಟ. ಬಾಗಿಲು ತೆರೆಯಲು ಬಹಳ ಕಾಲ ಹಿಡಿಯಿತು. ಆರ್ಥರ್ ಆ್ಯಶ್ ಕಥೆ ಕೇಳಿ. ರಿಚ್ಮಂಡ್ ಊರಿನಲ್ಲಿ ಕಪ್ಪು ಜನರಿಗೆಂದೇ ಇದ್ದ ಪಾರ್ಕಿನ ಮೇಲ್ವಿಚಾರಕನ ಮಗ. ಬಿಳಿಯರ ಕೋರ್ಟಿಗೆ ಕಾಲಿಡುವ ಹಾಗಿಲ್ಲ. ಹೈಸ್ಕೂಲಿನ ಕೊನೇ ವರ್ಷ ಮನೆ ಬಿಟ್ಟು ಸೇಂಟ್ ಲೂಯಿಸಿನ ಸಮ್ನರ್ ಹೈಸ್ಕೂಲು ಸೇರಿದ. ಅಲ್ಲಿಂದ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸ್ಕಾಲರ್‌ಶಿಪ್ ಕೊಟ್ಟು ಕರೆಯಿತು. 1965ರಲ್ಲಿ ಕಾಲೇಜು ಚಾಂಪಿಯನ್, 1975ರಲ್ಲಿ ವಿಂಬಲ್ಡನ್ ಚಾಂಪಿಯನ್.

ಅದೇ ಊರಿನ ಇನ್ನೊಂದು ಕಾಲೇಜಿನಲ್ಲಿ ಬಿಲ್ಲೀ ಜೀನ್ ಕಿಂಗ್ ಓದುತ್ತಿದ್ದಳು. 1961ರಲ್ಲೇ ವಿಂಬಲ್ಡನ್ ಡಬಲ್ಸ್ ಗೆದ್ದವಳು! ಅವಳಿಗೆ ಸ್ಕಾಲರ್‌ಶಿಪ್ ಸೊನ್ನೆ. ಕೆಲಸ ಮಾಡಿಕೊಂಡು ಓದಬೇಕಾಯಿತು. ಹೆಣ್ಣಲ್ಲವೇ!

1972ರಲ್ಲಿ ಒಂದು ಕಾನೂನು ಬಂತು, ಹೆಸರು ಟೈಟಲ್ ನೈನ್. ಕೇಂದ್ರ ಸರ್ಕಾರದ ದುಡ್ಡು ಪಡೆಯುವ ಶಾಲೆ ಕಾಲೇಜು ಗಂಡು ಹೆಣ್ಣೆಂದು ಭೇದ ಮಾಡಬಾರದು. ಹುಡುಗಿಯರ ತಂಡಗಳು ಎದ್ದವು. ದೇಶದ ದೊಡ್ಡ ಕಾಲೇಜು ಕ್ರೀಡಾ ಸಂಸ್ಥೆ ಎನ್.ಸಿ.ಎ.ಎ. 1982ರಿಂದ ಅವರಿಗೂ ಟೆನಿಸ್ ಚಾಂಪಿಯನ್‌ಶಿಪ್ ನಡೆಸಿತು.

ಆಮೇಲೆ ಹಲವು ಕಡೆ ಹುಡುಗರ ಟೆನಿಸ್ ಮುಚ್ಚಿದರು. ಹೆಣ್ಣುಮಕ್ಕಳಿಗೆ ಕೊಟ್ಟಿದ್ದಕ್ಕೇ ಹೀಗಾಯಿತು ಅಂತ ಗೊಣಗಿದವರು ಉಂಟು. ಲೆಕ್ಕ ನೋಡಿ ಸ್ವಾಮಿ. ಮೊದಲ ದರ್ಜೆಯ ದೊಡ್ಡ ಕಾಲೇಜುಗಳಲ್ಲಿ ಅವರ ಫುಟ್‌ಬಾಲಿಗೆ 85 ಸ್ಕಾಲರ್‌ಶಿಪ್. ಹುಡುಗಿಯರ ಟೆನಿಸ್‌ಗೆ 8. ಹುಡುಗರ ಟೆನಿಸ್‌ಗೆ ನಾಲ್ಕೂವರೆ! ಒಂದು ಪಂದ್ಯಕ್ಕೆ ಆರು ಜನ ಸಿಂಗಲ್ಸ್ ಆಡಬೇಕು. ನಾಲ್ಕೂವರೆಯನ್ನು ಕೊಬ್ಬರಿ ಹೋಳು ಮಾಡಿದ ಹಾಗೆ ಎಂಟು ಹತ್ತು ಹುಡುಗರಿಗೆ ಹಂಚುತ್ತಿದ್ದರು. ಮಿಕ್ಕ ಫೀಸು ಅಪ್ಪನ ಜೇಬಿನಿಂದ, ಅದೂ ಡಾಲರಿನಲ್ಲಿ. ಪುಕ್ಕಟೆ ಅಂದರೆ ಇಷ್ಟೇ.

ಟಿಕೆಟ್ ಮಾರಿ ದುಡ್ಡು ತರುವ ಆಟವಲ್ಲ ಟೆನಿಸ್. 2020ರ ಕೊರೋನಾದಲ್ಲಿ ಕೈ ಬಿಗಿಯಾದಾಗ ಅಯೋವಾ, ಮಿನ್ನೆಸೋಟಾ ವಿಶ್ವವಿದ್ಯಾಲಯಗಳು ಹುಡುಗರ ಟೆನಿಸ್ಸನ್ನೇ ಕೈಬಿಡುವ ತೀರ್ಮಾನ ಮಾಡಿದವು.

2025ರ ಜೂನಿನಲ್ಲಿ ಕೋರ್ಟು ಒಂದು ರಾಜಿಗೆ ಒಪ್ಪಿಗೆ ಕೊಟ್ಟಿತು. ಒಪ್ಪಿದ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷ ಒಂದು ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್ ಮಿತಿ. ನಾಲ್ಕೂವರೆಯ ಕಟ್ಟೂ ಅಲ್ಲಿ ಹೋಯಿತು. ತಂಡದಲ್ಲಿ ಹತ್ತು ಜನ, ಹತ್ತಕ್ಕೂ ಪೂರ್ತಿ ಕೊಡಬಹುದು. ಕೊಡಬಹುದು ಅಂದೆ, ಕೊಡುತ್ತಾರೆ ಅನ್ನಲಿಲ್ಲ. ಕೋಟಿಗಳ ಬಹುಪಾಲು ಹೋಗುವುದು ಫುಟ್‌ಬಾಲು, ಬ್ಯಾಸ್ಕೆಟ್‌ಬಾಲಿಗೆ. ಅದರ ಭಾರ ಹೊರಲಾರದ ಕಾಲೇಜು ಮೊದಲು ಯಾವ ಆಟಕ್ಕೆ ಕತ್ತರಿ ಹಾಕೀತು?

ಯಜಮಾನರಿಗೆ ಇಷ್ಟು ಹೇಳಿದೆ: ಪತ್ರ ಬಂದರೆ ಪೂರ್ತಿಯೋ ಕಾಲುಭಾಗವೋ, ನಾಲ್ಕು ವರ್ಷಕ್ಕೋ ಒಂದೇ ವರ್ಷಕ್ಕೋ, ತಂಡವೇ ಮುಚ್ಚಿದರೆ ಹುಡುಗನ ಓದು ಏನಾಗುತ್ತೆ, ಬರವಣಿಗೆಯಲ್ಲಿ ಕೇಳಿ. ಅವರು ಚೀಟಿಯ ಹಿಂದೆ ಗುರುತು ಹಾಕಿಕೊಂಡರು. ಹುಡುಗನಿಗೆ ವಯಸ್ಸೆಷ್ಟು ಅಂದೆ. ಒಂಬತ್ತಂತೆ.